ಸೂಳೆಕೆರೆಯ ದಂಡೆಯಿಂದ ಜಗಳೂರಿನ ಹೊಲಕ್ಕೆ

ಪ್ರವಾಸವೆಂದರೆ ಕಾಶಿ ರಾಮೇಶ್ವರಗಳೇ ಆಗಬೇಕು, ಇಲ್ಲವೆ ಹಂಪೆ ಬೇಲೂರುಗಳಾದರೂ ಆಗಬೇಕು ಎಂದು ಎಣಿಸುವವರು ನಮ್ಮಲ್ಲಿ ಬಹುಮಂದಿ. ಮನೆಯಿಂದ ಅರ್ಧ ದಿನದ ಹಾದಿಯಲ್ಲಿರುವ ಊರುಗಳನ್ನು ನೋಡಿ ಬಂದೆವೆಂದರೆ "ಅಲ್ಲೇನಿದೆ?" ಎಂದು ಕೇಳುವವರೇ ಹೆಚ್ಚು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳಿಗೆ ನಾವು ದಾವಣಗೆರೆಯಿಂದ ಹೊರಟಾಗಲೂ ನೆರೆಮನೆಯವರು ಈ ಪ್ರಶ್ನೆಯನ್ನೇ ಕೇಳಿದರು. ನಾವು ಹೊರಟದ್ದು ದೇವರ ದರ್ಶನಕ್ಕೂ ಅಲ್ಲ, ಹವೆಯ ಬದಲಾವಣೆಗೂ ಅಲ್ಲ, ನೆಲವನ್ನು ನೋಡಲು.

ಸಂಗತಿ ಇಷ್ಟೆ. ನಮ್ಮ ಷಡ್ಡಕರು ಕೆಲಸದಿಂದ ನಿವೃತ್ತರಾಗಿ ಒಂದು ವರ್ಷವಾಯಿತು. ವಯಸ್ಸಿನಲ್ಲಿ ಹಿರಿಯರಾದುದರಿಂದ ನಾವು ಅವರನ್ನು ಭಾವ ಎಂದೇ ಕರೆಯುವೆವು. ಸೂಳೆಕೆರೆಯ ದಂಡೆಯಲ್ಲಿ ಇಪ್ಪತ್ತು ಗುಂಟೆ ನೆಲವನ್ನು ಕೊಂಡು, ನಾಲ್ಕು ಕೋಣೆಗಳ ಒಂದು ವಸತಿಗೃಹವನ್ನು ಕಟ್ಟಿ, ಕೆರೆಯನ್ನು ನೋಡಲು ಬರುವವರಿಗೆ ಊಟ ವಸತಿಗಳನ್ನು ಒದಗಿಸಿ ಕೊನೆಗಾಲವನ್ನು ಸುಖವಾಗಿ ಕಳೆಯಬೇಕೆಂಬುದು ಅವರ ಆಸೆ. ಅದಕ್ಕೆ ಬೇಕಾದ ಹಣಕ್ಕೆ ಎರಡು ದಾರಿಗಳನ್ನು ಯೋಚಿಸಿಕೊಂಡಿದ್ದರು. ಜಗಳೂರು ತಾಲ್ಲೂಕಿನಲ್ಲಿ ತಂದೆಯ ಕಾಲದಿಂದ ಬಂದ ಖುಷ್ಕಿ ಹೊಲವನ್ನು ಮಾರುವುದು ಒಂದು. ಸಾಲದೆ ಬಂದರೆ ಅತ್ತಿಗೆಯ ಒಡವೆಗಳನ್ನು ಅಡವಿಡುವುದು ಇನ್ನೊಂದು. ಅತ್ತಿಗೆಯು ಬೇಡವೆಂದೂ ಹೇಳಲಿಲ್ಲ, ಆಗಲೆಂದೂ ಹೇಳಲಿಲ್ಲ. "ಮೊದಲು ಕಣ್ಣಾರೆ ನೋಡೋಣ, ಆಮೇಲೆ ಮಾತು" ಎಂದರು. ಆದಕಾರಣ ಶಿವರಾತ್ರಿಗೆ ಮುಂಚೆ ಒಂದು ಬಾಡಿಗೆಯ ಕಾರನ್ನು ಮಾಡಿಕೊಂಡು, ಅವರಿಬ್ಬರೂ ನಾವೂ ನಮ್ಮ ಮನೆಯವರೂ ಹೊರಟೆವು.

ಈ ನಾಲ್ಕು ತಾಲ್ಲೂಕುಗಳೂ ಇಂದು ದಾವಣಗೆರೆ ಜಿಲ್ಲೆಗೆ ಸೇರಿದ್ದರೂ ಹುಟ್ಟಿನಿಂದ ಒಂದೇ ಮನೆಯ ಮಕ್ಕಳಲ್ಲ. ೧೯೯೭ರ ಆಗಸ್ಟ್ ೧೫ರಂದು ಜಿಲ್ಲೆಯು ರಚಿತವಾದಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿಯು ೨೦೧೮ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ಒಂದು ಕಡೆ ಅಡಕೆಯ ತೋಟ, ಭದ್ರೆಯ ಕಾಲುವೆ. ಇನ್ನೊಂದು ಕಡೆ ಮುಗಿಲನ್ನೇ ನೋಡುತ್ತ ಕುಳಿತ ಎರೆಯ ಹೊಲ, ಕಲ್ಲುಗುಡ್ಡ. ಎರಡಕ್ಕೂ ನಡುವಿನ ದೂರ ಒಂದು ದಿನದ ಪಯಣಕ್ಕಿಂತ ಕಡಿಮೆ.

ಮೊದಲ ದಿನ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಇಳಿದೆವು. ಅಲ್ಲಿಯ ಪುಷ್ಕರಿಣಿಯನ್ನು ಹದಿನಾರನೆಯ ಶತಮಾನದಲ್ಲಿ ಹನುಮಪ್ಪ ನಾಯಕನು ಕಟ್ಟಿಸಿದನು. ನಾಲ್ಕು ಕಡೆಗೂ ಕಲ್ಲಿನ ಸೋಪಾನಗಳು ಇಳಿದು ನೀರನ್ನು ಮುಟ್ಟುತ್ತವೆ. ನಟ್ಟನಡುವೆ ವಸಂತಮಂಟಪವು ನೀರಿನಿಂದಲೇ ಎದ್ದು ನಿಂತಂತೆ ತೋರುವುದು. ಒಂದು ದಡದಲ್ಲಿ ಮುಸಾಫಿರಖಾನೆಯೆಂಬ ದೊಡ್ಡ ಕಟ್ಟಡವಿದೆ. ಬಿಜಾಪುರದ ಸೇನಾನಿ ರಣದುಲ್ಲಾಖಾನನು ಅಲ್ಲಿದ್ದ ದೇವಾಲಯವನ್ನು ಕೆಡಹಿ ಅದನ್ನು ಕಟ್ಟಿಸಿದನೆಂದು ಇತಿಹಾಸವು ಹೇಳುತ್ತದೆ. ಮುಸಾಫಿರನೆಂದರೆ ದಾರಿಹೋಕ. ಭಾವನವರು ಇದನ್ನು ಕೇಳಿ ಹಿಗ್ಗಿದರು. "ನೋಡಿದಿರಾ, ದಾರಿಹೋಕರಿಗೆ ಮನೆ ಕಟ್ಟುವುದು ಈ ಸೀಮೆಯಲ್ಲಿ ಹಳೆಯ ಕಸುಬು!" ಎಂದರು. ಅತ್ತಿಗೆಯು ಮಾತ್ರ, "ಆ ದಾರಿಹೋಕರು ರಾತ್ರಿ ಎಲ್ಲಿ ಮಲಗುವರು, ಹೆಂಗಸರಿಗೆ ಶೌಚಕ್ಕೆ ಅನುಕೂಲವೆಲ್ಲಿ, ಅದನ್ನು ಮೊದಲು ನೋಡಿ" ಎಂದು ಹೇಳಿ ಬಸ್ ನಿಲ್ದಾಣದ ಕಡೆಗೆ ತಿರುಗಿ ನೋಡಿದರು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಈ ಸ್ಥಳಕ್ಕೆ ಬರುವವರು ಇದ್ದಾರೆ. ಆದರೆ ನಾವು ಅಲ್ಲಿದ್ದಷ್ಟು ಹೊತ್ತಿನಲ್ಲಿ ಬಂದವರೆಲ್ಲ ಒಂದು ಗಳಿಗೆ ನೋಡಿ, ಚಿತ್ರ ತೆಗೆದುಕೊಂಡು, ಮುಂದಿನ ಊರಿನಲ್ಲಿ ಕಾಫಿ ಕುಡಿಯೋಣವೆಂದು ಹೊರಟುಹೋದರು.

ಅಲ್ಲಿಂದ ಸೂಳೆಕೆರೆಗೆ ಬಹುದೂರವಿಲ್ಲ. ಸರಕಾರದ ದಾಖಲೆಗಳಲ್ಲಿ ಶಾಂತಿಸಾಗರವೆಂದು ಕರೆಯಲ್ಪಡುವ ಈ ಕೆರೆಯನ್ನು ಮೊದಲ ಸಲ ಕಂಡವರು ಇದನ್ನು ಕೆರೆಯೆಂದು ನಂಬುವುದು ಕಷ್ಟ. ಸುತ್ತಳತೆ ೪೦ ಮೈಲಿಯೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಹರಿದ್ರಾ ಎಂಬ ಹೊಳೆಯು ಎರಡು ಗುಡ್ಡಗಳ ನಡುವಿನ ಕಂಡಿಯಿಂದ ಹೊರಬೀಳುವ ಕಡೆಯಲ್ಲಿ ಹಿಂದಿನವರು ಏರಿಯನ್ನು ಹಾಕಿದರು. ಏರಿಯ ಉದ್ದ ಅಲ್ಪ; ಅದರ ದಪ್ಪ ಎತ್ತರಗಳೇ ಅದ್ಭುತ. ಇಷ್ಟು ಚಿಕ್ಕ ಕಟ್ಟೆಯಿಂದ ಇಷ್ಟು ದೊಡ್ಡ ನೀರನ್ನು ತಡೆಯಬಹುದಾದ ಜಾಗವನ್ನು, ಯಂತ್ರವಿಲ್ಲದ ಕಾಲದಲ್ಲಿ, ಬರಿಯ ಕಣ್ಣಿನಿಂದ ಆರಿಸಿದವರ ಬುದ್ಧಿಯನ್ನು ಮೆಚ್ಚದೆ ಇರಲಾಗದು. ಸಿದ್ಧನ ತೂಬು, ಬಸವನ ತೂಬು ಎಂಬ ಎರಡು ತೂಬುಗಳಿಂದ ನೀರು ಗದ್ದೆ ತೋಟಗಳಿಗೆ ಹರಿಯುವುದು. ಚಿತ್ರದುರ್ಗದ ಪಟ್ಟಣಿಗರು ಕುಡಿಯುವ ನೀರಿಗೂ ಈ ಕೆರೆಯು ಆಧಾರವಾಗಿದೆ.

ಹೆಸರಿನ ಕಥೆಯನ್ನು ಇಲ್ಲಿ ಹೇಳಲೇಬೇಕು. ಶಾಂತವ್ವೆಯೆಂಬ ರಾಜಪುತ್ರಿಯು ಕೆರೆಯನ್ನು ಕಟ್ಟಿಸಬೇಕೆಂದು ಬಯಸಿದಾಗ ಆ ತಗ್ಗಿನಲ್ಲಿ ವೇಶ್ಯೆಯರ ಮನೆಗಳಿದ್ದುವಂತೆ. ಅವರು ಮನೆಯನ್ನು ಬಿಟ್ಟುಕೊಡಲು ಒಪ್ಪಿ ಹೊನ್ನನ್ನು ಕೇಳಲಿಲ್ಲ, ಬೇರೆ ನೆಲವನ್ನು ಕೇಳಲಿಲ್ಲ. ಕೆರೆಗೆ ನಮ್ಮ ಹೆಸರಿರಲಿ ಎಂದಷ್ಟೇ ಕೇಳಿದರಂತೆ. ಕಥೆಯು ನಿಜವೋ ಅಲ್ಲವೋ, ಹೆಸರು ನಿಂತಿದೆ. ನಾಗರಿಕರೆನಿಸಿಕೊಂಡ ನಾವು ಬಾಯಿ ಕಟ್ಟಿ ಶಾಂತಿಸಾಗರವೆಂದು ಬರೆದರೂ ಊರವರ ಬಾಯಲ್ಲಿ ಇಂದಿಗೂ ಅದು ಸೂಳೆಕೆರೆಯೇ. ಎಲ್ಲರ ನೀರಿಗಾಗಿ ತಮ್ಮ ಮನೆಯನ್ನು ಬಿಟ್ಟವರು ಪಡೆದ ಬೆಲೆ ಅದು. ಅದನ್ನು ಕಿತ್ತುಕೊಳ್ಳಲು ನಮಗೆ ಮನಸ್ಸು ಬಾರದು.

ಮಧ್ಯಸ್ಥನೊಬ್ಬನು ದಾರಿಯಲ್ಲೇ ಕಾದಿದ್ದು ನಮ್ಮನ್ನು ಕರೆದುಕೊಂಡು ಹೋಗಿ ನೆಲವನ್ನು ತೋರಿಸಿದನು. ಜಾಗವೇನೋ ಮನೋಹರವಾಗಿತ್ತು. ಎದುರಿಗೆ ನೀರಿನ ಬಯಲು, ಆಚೆಗೆ ನೀಲಿಯ ಗುಡ್ಡ, ಮೇಲೆ ಬೆಳ್ಳಕ್ಕಿಗಳ ಸಾಲು. ಭಾವನವರು ಅಲ್ಲಿ ನಿಂತೇ ಕೋಣೆಗಳ ಬಾಗಿಲು ಯಾವ ದಿಕ್ಕಿಗೆ ಇರಬೇಕೆಂದು ಬೆರಳಿನಿಂದ ಗೆರೆ ಎಳೆಯತೊಡಗಿದರು. ಆದರೂ ಇಲಾಖೆಯ ಕೆಲಸದಲ್ಲಿ ತಲೆ ನರೆಸಿದವರು. ಕೊನೆಗೆ ಕಾಗದವನ್ನು ಕೇಳಿದರು. "ಪಹಣಿ ಯಾರ ಹೆಸರಿನಲ್ಲಿದೆ?" ಎಂದರೆ "ಅದು ಆಗುತ್ತದೆ ಸ್ವಾಮಿ" ಎಂದನು. "ಭೂಪರಿವರ್ತನೆಯಾಗಿದೆಯೋ?" ಎಂದರೆ "ಅದನ್ನೂ ಮಾಡಿಸಿಕೊಡುತ್ತೇವೆ" ಎಂದನು. "ಋಣಭಾರ ಪತ್ರ?" ಎಂದಾಗ ಛಾಪಾ ಕಾಗದದ ಮೇಲೆ ಬರೆದ ಹಳೆಯ ಕರಾರೊಂದನ್ನು ಜೇಬಿನಿಂದ ತೆಗೆದನು. ಸ್ವಲ್ಪ ದೂರದಲ್ಲಿ ಬಲೆಯನ್ನು ಒಣಗಹಾಕುತ್ತಿದ್ದ ಮುದುಕನೊಬ್ಬನು ಇದನ್ನೆಲ್ಲ ಕೇಳಿಸಿಕೊಂಡು, ಯಾರ ಮುಖವನ್ನೂ ನೋಡದೆ, "ಸ್ವಾಮಿ, ತಾವು ನಿಂತಿರೋ ಜಾಗದಲ್ಲಿ ಕೆರೆ ತುಂಬಿದ ವರ್ಷ ನಾನು ಬಲೆ ಬಿಟ್ಟಿದೀನಿ" ಎಂದನು.

ಆ ಮಾತಿಗೆ ಮೇಲೆ ಮಾತಿರಲಿಲ್ಲ. ಕೆರೆಯ ಅಂಗಳವು ನೀರು ಹಿಂದೆ ಸರಿದಾಗ ಹೊಲದಂತೆ ಕಾಣುವುದು. ಕೆಲವು ವರ್ಷ ಉತ್ತು ಬಿತ್ತಿದವನಿಗೆ ಅದು ತನ್ನದೇ ಎನ್ನಿಸುವುದು. ಹೀಗೆಯೇ ಸೂಳೆಕೆರೆಯ ಅಂಚು ವರ್ಷದಿಂದ ವರ್ಷಕ್ಕೆ ಒತ್ತುವರಿಯಾಗುತ್ತಿದೆಯೆಂದು ಆ ಸೀಮೆಯ ತರುಣರು ಬಹುಕಾಲದಿಂದ ಕೂಗಿಕೊಂಡು, ಅಳತೆ ಮಾಡಿಸಿ ಗಡಿಯನ್ನು ಗೊತ್ತುಮಾಡಬೇಕೆಂದು ಹೋರಾಡಿದ್ದಾರೆ. ಕೆರೆಯ ಅಂಗಳವು ಸಾರ್ವಜನಿಕರ ಸ್ವತ್ತು. ಅಲ್ಲಿ ಹಣ ಚೆಲ್ಲಿದವನಿಗೆ ಹಣವೂ ಹೋಗುವುದು, ನೆಲವೂ ನಿಲ್ಲದು. ಅದಕ್ಕಿಂತ ಹೆಚ್ಚಾಗಿ, ಕೆರೆಯನ್ನು ನೋಡಲು ಬರುವವರಿಗೆಂದು ಕೆರೆಯಲ್ಲೇ ಮನೆ ಕಟ್ಟುತ್ತ ಹೋದರೆ ಬಂದವರು ನೋಡುವುದೇನನ್ನು? ಆದರೂ ಭಾವನವರು ಆಸೆಯನ್ನು ಪೂರ್ತಿ ಬಿಡಲಿಲ್ಲ. "ದಂಡೆಯಲ್ಲದಿದ್ದರೆ ಮೇಲಿನ ಊರಿನಲ್ಲಿ ನೋಡೋಣ, ಗ್ರಾಮಠಾಣೆಯೊಳಗೆ ಇ-ಸ್ವತ್ತಿನ ೯ ಮತ್ತು ೧೧ನೆಯ ನಮೂನೆಗಳಿರುವ ನಿವೇಶನ ಸಿಕ್ಕೀತು" ಎಂದರು.

ಚನ್ನಗಿರಿ ಪಟ್ಟಣವು ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರನ್ನು ಹೊತ್ತಿದೆ. ಶಿವಾಜಿಯ ಮಗ ರಾಜಾರಾಮನು ಔರಂಗಜೇಬನ ಸೇನೆಗೆ ಹೆದರಿ ಬಂದಾಗ ಆಶ್ರಯಕೊಟ್ಟ ಧೀರೆ ಆಕೆಯೇ. ಊರ ಪಕ್ಕದ ಬೆಟ್ಟದ ಮೇಲೆ ಕೋಟೆಯೂ ರಂಗನಾಥನ ಗುಡಿಯೂ ಇವೆ. ಸಂಜೆಯ ಹೊತ್ತಿಗೆ ಮೇಲೆ ಹತ್ತಿದರೆ ಕಣ್ಣು ಹರಿಯುವಷ್ಟು ದೂರ ಅಡಕೆಯ ತೋಟಗಳು. ಈ ಸೀಮೆಯ ಐಶ್ವರ್ಯವೆಲ್ಲ ಆ ಹಸುರಿನಲ್ಲಿದೆ. ತೋಟವುಳ್ಳವರಲ್ಲಿ ಹಲವರು ಫಸಲನ್ನು ಮರದ ಮೇಲಿರುವಾಗಲೇ ಖೇಣಿದಾರನಿಗೆ ಒಪ್ಪಿಸುವರು. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲವೂ ಅವನ ಹೊಣೆ. ಹೊರಗಿನಿಂದ ನೋಡಿದರೆ ತೋಟದ ಯಜಮಾನನ ಸುಖವೇ ಸುಖವೆನಿಸುವುದು. ಆದರೆ ೨೦೨೩ರಲ್ಲಿ ಮಳೆ ತಪ್ಪಿದ ಮೇಲೆ, ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಇದೇ ಯಜಮಾನರು ಟ್ಯಾಂಕರಿನ ನೀರನ್ನು ಕೊಂಡು ಮರಗಳ ಬುಡಕ್ಕೆ ಹಾಕಿ ಕಣ್ಣೀರಿಟ್ಟರು. ನಾವು ಇಳಿದುಕೊಂಡ ವಸತಿಗೃಹದ ಯಜಮಾನರು, "ಎಕರೆಯ ಬೆಲೆ ಕೇಳಬೇಡಿ ಸ್ವಾಮಿ, ಕೊಳವೆಬಾವಿಯ ಆಳ ಕೇಳಿ" ಎಂದು ಹೇಳಿದುದು ನಮ್ಮ ಮನಸ್ಸಿನಲ್ಲಿ ಉಳಿದಿದೆ.

ಅವರೇ ಇನ್ನೊಂದು ಮಾತನ್ನೂ ಹೇಳಿದರು. ಕಾಡಿನಂಚಿನ ಹಳ್ಳಿಗಳಲ್ಲಿ ಹೊತ್ತು ಮುಳುಗಿದ ಮೇಲೆ ತಿರುಗಾಡುವುದು ಕ್ಷೇಮವಲ್ಲವೆಂದರು. ೨೦೨೩ರ ಏಪ್ರಿಲಿನಲ್ಲಿ ಕಾಡಾನೆಯೊಂದು ಈ ತಾಲ್ಲೂಕಿನಲ್ಲಿ ಒಬ್ಬ ಬಾಲಕಿಯನ್ನು ಕೊಂದಿತು. ಅದನ್ನು ಹಿಡಿಯಲು ಹೋದ ಪಶುವೈದ್ಯರು ಅದರ ದಾಳಿಗೆ ಸಿಕ್ಕಿ ಪ್ರಾಣಾಪಾಯದಿಂದ ಪಾರಾದರು. ಭದ್ರಾವತಿಯ ಕಡೆಯ ಕಾಡಿಗೂ ತೋಟಗಳಿಗೂ ನಡುವೆ ಹಿಂದೆ ಇದ್ದ ಕುರುಚಲು ಬಯಲು ಕಿರಿದಾದಷ್ಟೂ ಇಂಥ ಮುಖಾಮುಖಿ ಹೆಚ್ಚುವುದು ಸಹಜ. ಪ್ರವಾಸಿಗರಿಗೆ ಹಳ್ಳಿಯ ರಾತ್ರಿಯ ಶಾಂತಿಯನ್ನು ಮಾರಹೊರಡುವವರು ಇದನ್ನೂ ತಿಳಿದಿರಬೇಕು.

ಎರಡನೆಯ ದಿನ ಹೊನ್ನಾಳಿಗೆ ಬಂದೆವು. ಊರು ತುಂಗಭದ್ರೆಯ ದಡದಲ್ಲೇ ಇದೆ. ಕೂಡಲಿಯಲ್ಲಿ ಒಂದಾದ ತುಂಗೆಯೂ ಭದ್ರೆಯೂ ಇಲ್ಲಿಗೆ ಬರುವಾಗ ವಿಶಾಲವಾಗಿ, ಮಾಘದ ಬಿಸಿಲಿನಲ್ಲಿ ಬಂಡೆಗಳ ನಡುವೆ ಸಾಧುವಾಗಿ ಹರಿಯುತ್ತಿದ್ದುವು. ಭಾವನವರಿಗೆ ಇಲ್ಲಿಯೂ ಆಸೆ ಹುಟ್ಟಿತು, ದಡದ ಒಂದು ಹಳೆಯ ಮನೆಯನ್ನು ತೋರಿಸಿ "ಇದನ್ನು ದುರಸ್ತಿ ಮಾಡಿದರೆ ಹೇಗೆ?" ಎಂದರು. ಆ ಬೀದಿಯ ಗೃಹಿಣಿಯೊಬ್ಬರು ನಮ್ಮನ್ನು ಒಳಕ್ಕೆ ಕರೆದು ಮಜ್ಜಿಗೆ ಕೊಟ್ಟು, ಗೋಡೆಯ ಮೇಲೆ ಎದೆಯ ಎತ್ತರಕ್ಕಿದ್ದ ಒಂದು ಕಂದು ಗೆರೆಯನ್ನು ತೋರಿಸಿದರು. ಹೊಳೆ ಬಂದಾಗ ನೀರು ನಿಂತ ಗುರುತು ಅದು. ಸುಣ್ಣ ಬಳಿದರೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆಯೆಂದರು.

ಇದರ ಕಾರಣವನ್ನು ವಾಚಕರು ತಿಳಿಯುವುದು ಒಳ್ಳೆಯದು. ಭದ್ರೆಗೆ ಲಕ್ಕವಳ್ಳಿಯ ಬಳಿ ಕಟ್ಟಿರುವ ಅಣೆಕಟ್ಟು ೭೧.೫ ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. ತುಂಗೆಗೆ ಗಾಜನೂರಿನಲ್ಲಿರುವ ಅಣೆಕಟ್ಟು ಹಿಡಿಯುವುದು ೩.೨೪ ಟಿ.ಎಂ.ಸಿ. ಮಾತ್ರ. ಮಲೆನಾಡಿನಲ್ಲಿ ಮುಂಗಾರು ಜೋರಾಗಿ ಸುರಿದರೆ ಭದ್ರೆಯು ಹಲವು ವಾರ ನೀರನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವಳು. ತುಂಗೆಯಾದರೋ ಕೆಲವೇ ದಿನಗಳಲ್ಲಿ ತುಂಬಿ, ಬಂದಷ್ಟನ್ನೂ ಕೆಳಕ್ಕೆ ಬಿಡಬೇಕಾಗುವುದು. ಎರಡೂ ಒಟ್ಟಿಗೆ ತುಂಬಿದ ವರ್ಷ ಹೊನ್ನಾಳಿಯ ತಗ್ಗಿನ ಬೀದಿಗಳವರು ಪಾತ್ರೆಪಡಗಗಳನ್ನು ಅಟ್ಟಕ್ಕೇರಿಸಿ ಕಾಳಜಿ ಕೇಂದ್ರಕ್ಕೆ ನಡೆಯುವರು. ೨೦೧೯ರಲ್ಲಿ ಹೊಳೆಯು ಹಾಗೆ ಉಕ್ಕಿತ್ತು. ಮಾಘದಲ್ಲಿ ನೆಲವನ್ನು ನೋಡಿ ಆಷಾಢದಲ್ಲಿ ಪಶ್ಚಾತ್ತಾಪಪಡಬಾರದಾದರೆ, ಹೊಳೆದಂಡೆಯ ನೆಲವನ್ನು ಮಳೆಗಾಲದಲ್ಲೇ ನೋಡಬೇಕು. ಹಿರೇಕಲ್ಮಠವನ್ನು ಕಟ್ಟಿದವರು ನೆಲವನ್ನು ಆರಿಸುವಾಗ ಇದನ್ನೆಲ್ಲ ಬಲ್ಲವರಿದ್ದಿರಬೇಕೆಂದುಕೊಳ್ಳುತ್ತ ಮಠಕ್ಕೆ ಹೋಗಿ ಗದ್ದುಗೆಗೆ ನಮಸ್ಕರಿಸಿ ನ್ಯಾಮತಿಯ ಹಾದಿ ಹಿಡಿದೆವು.

ಹೊನ್ನಾಳಿಯ ಹೆಸರಿನಲ್ಲೇ ಹೊನ್ನಿದೆ. ನ್ಯಾಮತಿಯ ಸುತ್ತಿನ ಫಲವನಹಳ್ಳಿ, ಕುದುರೆಕೊಂಡದ ಕಡೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಂಪನಿಯವರು ಚಿನ್ನಕ್ಕಾಗಿ ಗಣಿ ತೋಡಿದರು. ಕೋಲಾರದಂತೆ ಅದು ಫಲಿಸಲಿಲ್ಲ; ಯಂತ್ರಗಳು ಹೋದವು, ಗುಂಡಿಗಳು ಉಳಿದವು. ನೆಲದೊಳಗಿನ ಹೊನ್ನು ಹೀಗಾದರೆ, ನೆಲದ ಮೇಲಿನ ಹೊನ್ನಿನ ಕಥೆ ಇನ್ನೂ ವಿಚಿತ್ರ. ೨೦೨೪ರ ಅಕ್ಟೋಬರಿನಲ್ಲಿ ನ್ಯಾಮತಿಯ ಒಂದು ಬ್ಯಾಂಕಿನ ಕಿಟಕಿಯ ಸರಳನ್ನು ತುಂಡರಿಸಿ ಒಳನುಗ್ಗಿದ ಕಳ್ಳರು ೧೭.೭ ಕಿಲೋಗ್ರಾಮಿನಷ್ಟು ಒಡವೆಗಳನ್ನು ದೋಚಿದರು. ಗುರುತು ಸಿಗದಂತೆ ಖಾರದ ಪುಡಿಯನ್ನು ಎರಚಿ, ಕ್ಯಾಮೆರಾದ ದಾಖಲೆಯ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋದರು. ಅವೆಲ್ಲ ಸಂಸಾರಿಗಳು ಬಿತ್ತನೆಗೂ ಮದುವೆಗೂ ಆಸ್ಪತ್ರೆಗೂ ಅಡವಿಟ್ಟ ಸರ, ಬಳೆ, ಓಲೆಗಳು. ಪೊಲೀಸಿನವರು ತಿಂಗಳುಗಟ್ಟಲೆ ಬೆನ್ನುಹತ್ತಿ, ೨೦೨೫ರ ಮಾರ್ಚಿನ ಹೊತ್ತಿಗೆ ಆರು ಮಂದಿಯನ್ನು ಹಿಡಿದರು. ತಮಿಳುನಾಡಿನ ಮಧುರೆ ಜಿಲ್ಲೆಯ ಒಂದು ಬಾವಿಯೊಳಗಿಂದ ಒಡವೆಗಳಲ್ಲಿ ಬಹುಭಾಗವನ್ನು ಮೇಲಕ್ಕೆತ್ತಿದರು. ಆರೋಪಿಗಳಲ್ಲಿ ನ್ಯಾಮತಿಯಲ್ಲೇ ಅಂಗಡಿಯನ್ನು ಇಟ್ಟುಕೊಂಡು ಊರವರಿಗೆ ದಿನವೂ ತಿಂಡಿ ಮಾರುತ್ತಿದ್ದವರೂ ಇದ್ದರೆಂಬುದನ್ನು ಕೇಳಿದಾಗ ಯಾರಿಗಾದರೂ ಎದೆ ನಡುಗುವುದು.

ಚಹದ ಅಂಗಡಿಯಲ್ಲಿ ಈ ವೃತ್ತಾಂತವನ್ನು ಕೇಳುತ್ತಿದ್ದ ಅತ್ತಿಗೆಯು ಅರಿಯದೆ ಕೊರಳ ಸರವನ್ನು ಮುಟ್ಟಿಕೊಂಡರು. ಆಮೇಲೆ ಕಾರಿನಲ್ಲಿ ಕುಳಿತು ಮೆಲ್ಲಗೆ, "ನೋಡಿ, ಒಡವೆ ಹೋದೀತೆಂಬ ಹೆದರಿಕೆ ನನಗಿಲ್ಲ. ಬಾವಿಗೆ ಬಿದ್ದದ್ದೂ ಮೇಲೆ ಬಂತಲ್ಲ. ಆದರೆ ಕಾಗದವಿಲ್ಲದ ನೆಲಕ್ಕೆ ಹಾಕಿದ ಒಡವೆ ಯಾವ ಬಾವಿಯಿಂದಲೂ ಬಾರದು" ಎಂದರು. ಭಾವನವರು ಕಿಟಕಿಯ ಹೊರಗೆ ನೋಡುತ್ತ ಕುಳಿತರು.

ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರಕ್ಕೆ ಹೋದೆವು. ಬೆಳಗುತ್ತಿಯು ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಗುಡ್ಡದ ಮೇಲಿನ ದೇವಾಲಯದಲ್ಲಿ ಬಂಡೆಯ ಒಳಗಿಂದ ತಿಳಿನೀರು ಸದಾ ಒಸರಿ ಚಿಕ್ಕ ಕೊಳಕ್ಕೆ ಬೀಳುವುದು. ಕಾಶಿಯ ಗಂಗೆಯೇ ಇಲ್ಲಿ ಬರುವಳೆಂದು ಭಕ್ತರ ನಂಬಿಕೆ. ಯಾರ ಜಾಹೀರಾತೂ ಇಲ್ಲದೆ ಜನರು ಇಲ್ಲಿಗೆ ತಲೆಮಾರುಗಳಿಂದ ಬರುತ್ತಿದ್ದಾರೆ. ನೀರು ಒಸರುವವರೆಗೆ ಬರುವರು.

ಅದೇ ತಾಲ್ಲೂಕಿನ ಸೂರಗೊಂಡನಕೊಪ್ಪವು ಬಂಜಾರ ಜನರ ಗುರು ಸಂತ ಸೇವಾಲಾಲರ ಜನ್ಮಸ್ಥಳ. ೧೭೩೯ರಲ್ಲಿ ಜನಿಸಿದರೆಂದು ಹೇಳಲಾಗುವ ಅವರ ಜಯಂತಿಯು ಫೆಬ್ರವರಿಯ ನಡುವಿನಲ್ಲಿ ಬರುವುದು. ಆಗ ಕನ್ನಡ ನಾಡಿನಿಂದಷ್ಟೇ ಅಲ್ಲದೆ ಮಹಾರಾಷ್ಟ್ರ ತೆಲಂಗಾಣಗಳಿಂದಲೂ ಮಾಲೆ ಧರಿಸಿದ ಭಕ್ತರು ಹಿಂಡುಹಿಂಡಾಗಿ ಬರುವರು. ನಾವು ಹೋದಾಗ ಜಾತ್ರೆ ಕಳೆದು ಚಪ್ಪರಗಳನ್ನು ಬಿಚ್ಚುತ್ತಿದ್ದರು. ಯಾತ್ರೆಯೇ ಪ್ರವಾಸವಾದರೆ ನಾಲ್ಕು ತಾಲ್ಲೂಕುಗಳಲ್ಲಿ ಇದಕ್ಕಿಂತ ದೊಡ್ಡದೊಂದನ್ನು ನಾವು ಕಾಣಲಿಲ್ಲ. ಅಲ್ಲಿ ಎಲೆಯಡಕೆಯ ಪೆಟ್ಟಿಗೆ ಇಟ್ಟಿದ್ದ ಹೆಂಗಸೊಬ್ಬಳು ತನ್ನ ತಾಂಡಾದ ವಿಷಯವನ್ನು ಹೇಳಿದಳು. ಮೂರು ತಲೆಮಾರಿನಿಂದ ಇದ್ದ ಮನೆ. ಆದರೆ ಕಾಗದದ ಮೇಲೆ ಆ ಊರೇ ಇರಲಿಲ್ಲವಂತೆ. ಉಪ್ಪಿನ ಹೇರುಗಳನ್ನು ಹೊತ್ತು ನಾಡನ್ನೆಲ್ಲ ಸುತ್ತಿದವರು ನೆಲೆ ನಿಂತಾಗ ಸರಕಾರದ್ದೋ ಕಾಡಿನದ್ದೋ ಇನ್ನೊಬ್ಬರದ್ದೋ ನೆಲದಲ್ಲಿ ನಿಂತರು. ಅಳತೆಯವರ ನಕ್ಷೆಗೆ ಅವರು ಕಾಣಲಿಲ್ಲ. ತಾಂಡಾ ಹಟ್ಟಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ ಹಕ್ಕುಪತ್ರ ಕೊಡುವ ಕೆಲಸವು ಈಚಿನ ವರ್ಷಗಳಲ್ಲಿ ನಡೆದಿದೆ. ೨೦೨೩ರ ಜನವರಿಯಲ್ಲಿ ಉತ್ತರದ ಜಿಲ್ಲೆಗಳಲ್ಲೇ ೫೨,೦೦೦ಕ್ಕೂ ಹೆಚ್ಚು ಕುಟುಂಬಗಳಿಗೆ ಅದನ್ನು ಹಂಚಲಾಯಿತು. "ನಿಮಗೆ ಬಂತೇನಮ್ಮಾ?" ಎಂದು ನಮ್ಮ ಮನೆಯವರು ಕೇಳಿದಾಗ ಆಕೆ ನಕ್ಕು, "ಬರ್ತೈತೆ ಅಂದವ್ರೆ. ಮನಿ ಅಂತೂ ಎಲ್ಲಿಗೂ ಹೋಗಿಲ್ಲ" ಎಂದಳು. ನೆಲವಿಲ್ಲದ ಕಾಗದವನ್ನು ಸೂಳೆಕೆರೆಯಲ್ಲಿ ನೋಡಿದ್ದೆವು. ಕಾಗದವಿಲ್ಲದ ನೆಲವನ್ನು ಇಲ್ಲಿ ನೋಡಿದೆವು.

ಮರಳಿ ದಾವಣಗೆರೆಗೆ ಬಂದು, ಒಂದು ದಿನ ವಿಶ್ರಮಿಸಿಕೊಂಡು, ಕೊನೆಗೆ ಜಗಳೂರಿನ ಕಡೆಗೆ ಹೊರಟೆವು. ತೋಟಗಳು ಹಿಂದುಳಿದು, ಮೆಕ್ಕೆಜೋಳದ ಕೂಳೆಯೂ ಈರುಳ್ಳಿಯ ಪಾತಿಯೂ, ಗುಡ್ಡದ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳೂ ಕಾಣಿಸಿದವು. ಈ ಸೀಮೆಗೆ ಹೊಳೆಯೂ ಇಲ್ಲ, ಭದ್ರೆಯ ಕಾಲುವೆಯೂ ಬರಲಿಲ್ಲ. ಬರವೆಂಬುದು ಇಲ್ಲಿ ಅತಿಥಿಯಲ್ಲ, ಮನೆಯವನೇ. ಹರಿಹರದ ಬಳಿಯಿಂದ ತುಂಗಭದ್ರೆಯ ನೀರನ್ನು ಯಂತ್ರಗಳಿಂದ ಎತ್ತಿ, ಕೊಳವೆಗಳಲ್ಲಿ ತಂದು, ಈ ಕಡೆಯ ೫೭ ಕೆರೆಗಳಿಗೆ ತುಂಬಿಸುವ ಯೋಜನೆಯು ಈಚೆಗೆ ಕೈಗೂಡತೊಡಗಿದೆ. ಹೊನ್ನಾಳಿಯಲ್ಲಿ ಗೋಡೆಯ ಮೇಲೆ ಗೆರೆ ಬರೆದ ನೀರೇ ಇಲ್ಲಿ ಮನೆಮನೆಯ ಹರಕೆಯಾಗಿದೆ.

ಭಾವನವರ ಊರಿನಲ್ಲಿ ಅವರ ತಂಗಿಯೇ ಇರುವುದು. ಗಂಡನನ್ನು ಬೇಗ ಕಳೆದುಕೊಂಡು, ತವರಿಗೆ ಮರಳಿ, ಇಪ್ಪತ್ತು ವರ್ಷಗಳಿಂದ ಆ ಹೊಲವನ್ನು ಮಾಡಿಕೊಂಡು ಬಂದಿದ್ದಾಳೆ. ನಾವು ಬರುವೆವೆಂದು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳನ್ನು ಮಾಡಿಟ್ಟಿದ್ದಳು. ಉಂಡ ಮೇಲೆ ಭಾವನವರು ಮಾತನ್ನು ತೆಗೆಯಲು ಹಿಂದೆಮುಂದೆ ನೋಡಿದರು. ಆಕೆಯೇ ಕೇಳಿದಳು: "ಅಣ್ಣಾ, ಹೊಲ ನೋಡಾಕೆ ಬಂದೆಯೋ, ಹೊಲ ಮಾರಾಕೆ ಬಂದೆಯೋ?"

ಯಾರೂ ಮಾತನಾಡಲಿಲ್ಲ. ಆಕೆ ಒಳಗಿನಿಂದ ತಗಡಿನ ಪೆಟ್ಟಿಗೆಯನ್ನು ತಂದು ಪಹಣಿಯನ್ನು ತೆಗೆದು ಅಣ್ಣನ ಮುಂದಿಟ್ಟಳು. ಅದರಲ್ಲಿದ್ದುದು ಹದಿನೈದು ವರ್ಷದ ಹಿಂದೆ ತೀರಿಕೊಂಡ ತಂದೆಯ ಹೆಸರು. ಪೌತಿ ಖಾತೆಯನ್ನು ಮಾಡಿಸಿರಲೇ ಇಲ್ಲ. ಸೂಳೆಕೆರೆಯ ಮಧ್ಯಸ್ಥನನ್ನು ಮೂರು ಪ್ರಶ್ನೆಗಳಿಂದ ಬಾಯಿ ಮುಚ್ಚಿಸಿದ್ದ ಭಾವನವರು ತಮ್ಮ ಮನೆಯ ಕಾಗದವನ್ನು ಅದುವರೆಗೆ ಬಿಚ್ಚಿ ನೋಡಿರಲಿಲ್ಲ. ತಾವೊಬ್ಬರೇ ಮಾರಬಹುದೆಂದು ತಿಳಿದಿದ್ದ ಹೊಲದಲ್ಲಿ ತಂಗಿಗೂ ಸಮಪಾಲಿದೆಯೆಂಬುದೂ ಅವರ ಲೆಕ್ಕದಲ್ಲಿ ಬಂದಿರಲಿಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕೆಂದು ೨೦೦೫ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯು ತಿದ್ದುಪಡಿಯಾಯಿತು. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು ೨೦೨೦ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆಕೆ ಕಾಯಿದೆಯ ಮಾತನ್ನೆತ್ತಲಿಲ್ಲ. "ಕೆರೆಗೆ ನೀರು ಬಿಟ್ಟ 'ಮೇಲೆ ಬಾವ್ಯಾಗೆ ನೀರು ಮೇಲಕ್ಕೆ ಬಂದೈತೆ ಅಣ್ಣಾ. ಇಷ್ಟು ವರ್ಷ ಒಣಗಿದ ನೆಲ ನೋಡಿಕೊಂಡೆ. ಈಗ ನೀರು ಬಂದಾಗ ಮಾರಿಬಿಟ್ರೆ ನೋಡೋರು ಯಾರು?" ಎಂದಷ್ಟೇ ಹೇಳಿದಳು. ಅತ್ತಿಗೆಯು ಎದ್ದು ಹೋಗಿ ಆಕೆಯ ಪಕ್ಕದಲ್ಲಿ ಕುಳಿತರು.

ಮರುದಿನ ಬೆಳಗ್ಗೆ ರಂಗಯ್ಯನದುರ್ಗದ ಕಡೆಗೆ ಹೋದೆವು. ಜಗಳೂರು ತಾಲ್ಲೂಕಿನ ಈ ಕುರುಚಲು ಕಾಡನ್ನು ೨೦೧೧ರಲ್ಲಿ ಕೊಂಡುಕುರಿಗಳ ರಕ್ಷಣೆಗಾಗಿ ವನ್ಯಧಾಮವೆಂದು ಸಾರಲಾಯಿತು; ವಿಸ್ತಾರ ೭೭ ಚದರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಕೊಂಡುಕುರಿಯೆಂದರೆ ನಾಲ್ಕು ಕೊಂಬಿನ ಚಿಕ್ಕ ಜಿಂಕೆಯಂಥ ಪ್ರಾಣಿ. ಹಿಂದಿನ ಎರಡು ಕೊಂಬು ಉದ್ದ, ಮುಂದಿನವು ಗಿಡ್ಡ, ಅದೂ ಗಂಡಿಗೆ ಮಾತ್ರ. ಗುಂಪು ಕಟ್ಟದು, ನೀರಿನಿಂದ ದೂರ ಹೋಗದು, ಮನುಷ್ಯನ ಸುಳಿವು ಕಂಡರೆ ಹುಲ್ಲಿನಲ್ಲಿ ಮರೆಯಾಗುವುದು. ಕರಡಿಗಳೂ ಇರುವುದರಿಂದ ಒಬ್ಬೊಬ್ಬರೇ ಹೋಗಬಾರದೆಂದು ಊರವರು ಎಚ್ಚರಿಸಿದರು. ನಾವು ಎರಡು ಗಂಟೆ ಕಾದೆವು. ಕೊಂಡುಕುರಿ ಕಾಣಲಿಲ್ಲ, ಒಣಗಿದ ಹಳ್ಳದ ಮರಳಿನಲ್ಲಿ ಅದರ ಗೊರಸಿನ ಗುರುತು ಮಾತ್ರ ಕಂಡಿತು. ನಮ್ಮೊಡನೆ ಬಂದಿದ್ದ ತಂಗಿಯು, "ದಿನಾ ಕಾಣೋ ಹಂಗಿದ್ದಿದ್ರೆ ಇಷ್ಟೊತ್ತಿಗೆ ಇರ್ತಾನೇ ಇರ್ಲಿಲ್ಲ" ಎಂದಳು.

ಈ ನಾಲ್ಕು ತಾಲ್ಲೂಕುಗಳಿಗೆ ಪ್ರವಾಸಿಗರು ಬಂದಾರೋ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟು: ಬಂದಾರು, ಕೆರೆ, ಕೊಳ, ಹೊಳೆ, ಕಾಡುಗಳು ಇದ್ದಲ್ಲೇ ಇದ್ದರೆ. ಅಲ್ಲಿ ನೆಲವನ್ನು ಕೊಳ್ಳಬಹುದೋ ಎನ್ನುವವರು ಊರಿನ ಮುದುಕರನ್ನೂ ಹೆಂಗಸರನ್ನೂ ಕೇಳಲಿ. ನೀರು ಎಲ್ಲಿಯವರೆಗೆ ಬರುವುದು, ಬಾವಿ ಎಷ್ಟು ಆಳ, ಖಾತೆ ಯಾರ ಹೆಸರಿನಲ್ಲಿದೆ, ಯಾರ ಪಾಲು ಮರೆತುಹೋಗಿದೆ ಎಂಬುದನ್ನು ಅವರು ಬಲ್ಲರು. ನೋಡಲೆಂದೇ ಹೋಗುವವರು ಮಳೆಗಾಲ ಕಳೆದ ಮೇಲೆ ಹೋಗಲಿ. ಕೆರೆ ಹೊಳೆಗಳಲ್ಲಿ ಗೊತ್ತಿಲ್ಲದ ಕಡೆ ಇಳಿಯದಿರಲಿ. ಕಾಡಿನಂಚಿನಲ್ಲಿ ಹೊತ್ತಿಗೆ ಮುಂಚೆ ಹಿಂತಿರುಗಲಿ.

ಭಾವನವರು ಹೊರಡುವ ದಿನ ನಮ್ಮನ್ನು ಕಾರಿನಲ್ಲಿ ಕೂರಿಸಿ, ತಂಗಿಯೊಡನೆ ಗ್ರಾಮ ಆಡಳಿತ ಅಧಿಕಾರಿಯ ಕಚೇರಿಗೆ ಹೋದರು. ತಂದೆಯ ಮರಣಪತ್ರ, ವಂಶವೃಕ್ಷ, ಇಬ್ಬರ ಗುರುತಿನ ಚೀಟಿಗಳು ಬೇಕೆಂದರಂತೆ. ಅರ್ಜಿಯಲ್ಲಿ ಯಾರ ಹೆಸರು ಮೊದಲು ಬರೆಯಬೇಕೆಂದು ಕೇಳಿದಾಗ, "ಹೊಲದಲ್ಲಿ ಇರುವವಳದ್ದು" ಎಂದರಂತೆ. ಇದನ್ನು ಅವರು ನಮಗೆ ಹೇಳಲಿಲ್ಲ, ಅತ್ತಿಗೆಯು ಹೇಳಿದರು. ಸೂಳೆಕೆರೆಯ ವಸತಿಗೃಹದ ಮಾತು ಆಮೇಲೆ ನಮ್ಮ ಮನೆಯಲ್ಲಿ ಬಂದಿಲ್ಲ. ಹೊರಡುವಾಗ ಆ ತಂಗಿಯು ಕಾರಿನ ಹಿಂದೆ ಹಾಕಿಸಿದ ಈರುಳ್ಳಿಯ ಚೀಲ ಮಾತ್ರ ಅಡಿಗೆಮನೆಯ ಮೂಲೆಯಲ್ಲಿದೆ. ಇನ್ನೂ ಅರ್ಧ ಉಳಿದಿದೆ.